ಓಬಳೆಪ್ಪನ ಹಡಗಿನ ಹಂಚಿಕೆ

ಆನೆಗೊಂದಿಯ ಅಂಬಿಗ ಓಬಳೆಪ್ಪನನ್ನು ಸಂತೆಯಲ್ಲಿ ಇಟ್ಟಿದ್ದರೆ ನಾನು ಹೀಗೆ ಪಾರಖಿ ಮಾಡಿ ಬೆಲೆ ಕಟ್ಟುತ್ತಿದ್ದೆ. ಸಿಪ್ಪೆ ಒರಟು, ತಿರುಳು ಮೆತ್ತಗೆ, ಹದ ಮೀರಿ ಹಣ್ಣಾದದ್ದು, ದೂರದ ಪೇಟೆಗೆ ತಾಳುವುದಿಲ್ಲ. ತೋಳು ಮೊದಲ ದರ್ಜೆ. ಕಾಲು ಎರಡನೆಯದು, ದಂಡೆಯ ಮೇಲೆ ನಡೆದರೂ ನೆಲ ಅಲುಗಾಡುತ್ತದೆಯೋ ಎಂಬಂತೆ ಅಗಲಕ್ಕೆ ಇಟ್ಟು ನಡೆಯುತ್ತಿದ್ದ. ಮಾತು ತಕ್ಕಡಿಗೆ ಹಾಕುವಷ್ಟು ಇರಲಿಲ್ಲ. ದೊಡ್ಡ ದೋಷವಿದ್ದದ್ದು ಕಣ್ಣಿನಲ್ಲಿ. ಎದುರಿಗೆ ನಿಂತ ಗಿರಾಕಿಯನ್ನು ಬಿಟ್ಟು ಅದು ಯಾವಾಗಲೂ ಹೊಳೆ ಹರಿದು ಹೋಗುವ ಕಡೆಗೆ ನೋಡುತ್ತಿತ್ತು. ಬಾಳೆಕಾಯಿ ವ್ಯಾಪಾರದವನಾದ ನಾನು ಇಂಥ ಮಾಲನ್ನು ಮುಟ್ಟುವವನಲ್ಲ.

ಆದರೆ ನನ್ನ ಗೊನೆಗಳೆಲ್ಲ ಅವನ ಹರಿಗೋಲಿನಲ್ಲೇ ಹೊಳೆ ದಾಟಬೇಕಿತ್ತು. ಈ ದಂಡೆ ನಿಜಾಮರದು, ಆ ದಂಡೆ ಇಂಗ್ಲಿಷರದು. ನಡುವಿನ ನೀರು ಯಾರದೆಂದು ಸುಂಕ ವಸೂಲಿಯ ಕರೋಡಗಿರಿ ನಾಕೆಯವರಿಗೂ ಗೊತ್ತಿರಲಿಲ್ಲವಾದ್ದರಿಂದ ಅಷ್ಟು ಜಾಗ ಓಬಳೆಪ್ಪನಿಗೆ ಬಿಟ್ಟುಕೊಟ್ಟಂತಿತ್ತು. ದುಂಡಗಿನ ಹರಿಗೋಲು ಸಮ ಕೂತರೆ ಮಾತ್ರ ತೇಲುತ್ತದೆ. ಜನ ಹತ್ತುವಾಗ ಅವನು ಒಬ್ಬೊಬ್ಬರನ್ನೂ ಒಂದು ಸಾರಿ ನೋಡಿ ಜಾಗ ತೋರಿಸುತ್ತಿದ್ದ. ನನ್ನನ್ನು ಎರಡು ಬಾಳೆಗೊನೆ ಮತ್ತು ಒಂದು ಹೋತಕ್ಕೆ ಸರಿಯೆಂದು ಲೆಕ್ಕ ಹಾಕಿ, ಯಾವಾಗಲೂ ಅವುಗಳ ಎದುರಿಗೆ ಕೂಡಿಸುತ್ತಿದ್ದ. ಬೆಲೆ ಕಟ್ಟುವ ವಿದ್ಯೆ ನನ್ನೊಬ್ಬನದೇ ಅಲ್ಲ ಎಂದು ತಿಳಿದದ್ದು ಆ ಹೋತದ ಮುಖ ನೋಡುತ್ತ ಕೂತಾಗ.

ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಅವನು ಹೊಳಿಯಮ್ಮನನ್ನು ಮದುವೆ ಮಾಡಿಕೊಳ್ಳುವ ಮಾತು ನಡೆದಿತ್ತು. ಹೊಳಿಯಮ್ಮ ಬಾಳೆನಾರು ಬಿಡಿಸಿ ಹಗ್ಗ ಹೊಸೆಯುತ್ತಿದ್ದ ಹೆಣ್ಣುಮಗಳು, ಗಂಡ ಸತ್ತವಳು. ಅವರಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗಬಹುದು, ಅದಕ್ಕೆ ಉಡಿಕಿ ಎನ್ನುತ್ತಾರೆ. ಹಂದರವಿಲ್ಲ, ಬಾಜಾ ಇಲ್ಲ, ಮುತ್ತೈದೆಯರು ಹತ್ತಿರ ಸುಳಿಯುವುದಿಲ್ಲ. ಕತ್ತಲಾದ ಮೇಲೆ ಒಂದು ಸೀರೆ ಉಡಿಸಿ, ಊರಿಗೆ ಕಾಣದಂತೆ ಮನೆ ತುಂಬಿಸಿಬಿಡುತ್ತಾರೆ. ಅಲ್ಲಿಂದ ಮುಂದೆ ಅವಳು ಹೆಂಡತಿಯೇನೋ ಹೌದು, ಆದರೆ ಸೆರಗಿನಲ್ಲಿ ಅಕ್ಕಿ, ಕಾಯಿ ಹಾಕಿ ಯಾರೂ ಅವಳ ಉಡಿ ತುಂಬುವುದಿಲ್ಲ.

ಒಂದು ದಿನ ಹರಿಗೋಲಿನಲ್ಲಿ ನಾನು, ಹೋತದ ಬದಲಿಗೆ ಒಂದು ಬೆಲ್ಲದ ಪೆಂಟೆ, ಹೊಳಿಯಮ್ಮನ ನಾರಿನ ಹೊರೆ, ಹೊಳಿಯಮ್ಮ ಇಷ್ಟೇ ಇದ್ದೆವು. ನಾನು ಚೇಷ್ಟೆಗೆ ಕೇಳಿದೆ.

“ಏನವಾ, ಅಂಬಿಗನ್ನ ಏನು ನೋಡಿ ಒಪ್ಪಿದಿ?”

“ನಾ ಎಲ್ಲಿ ಒಪ್ಪೀನ್ರಿ ಇನ್ನಾ. ಒಂದು ಮಾತು ಹೇಳೀನಿ, ನಡಸ್ತಾನೋ ಇಲ್ಲೋ ನೋಡೂಣು.”

“ಬಂಗಾರ ಕೇಳಿದೇನು?”

“ಹಗಲು ಕೇಳೀನ್ರಿ,” ಎಂದಳು. “ಮೊದಲ್ನೇ ಮದಿವ್ಯಾಗ ನಾ ಸಣ್ಣಾಕಿ. ಮೆರವಣಿಗ್ಯಾಗ ನಮ್ಮ ಮಾವನ ಹೆಗಲಮ್ಯಾಲ ನಿದ್ದಿ ಹೋಗಿದ್ನಂತ. ಹೂವಾ ಇತ್ತಂತ, ಹಾಡಿದ್ರಂತ, ಎಲ್ಲಾ ಅಂತಂತ. ಎಚ್ಚರ ಇದ್ದಾಗ ಒಮ್ಮಿ ಮದುಮಗಳಾಗಿ ಮಂದಿ ಮುಂದ ಹೋಗಬೇಕು. ಕತ್ತಲದಾಗ ಕರಕೊಂಡು ಹೋಗೂದಾದ್ರ ನಾ ಹಗ್ಗ ಹೊಸಕೊಂಡು ಇರತೀನಿ.”

ಓಬಳೆಪ್ಪ ಹುಟ್ಟು ಹಾಕುತ್ತಲೇ ಇದ್ದ. ಹರಿಗೋಲು ಒಂದು ಸುತ್ತು ತಿರುಗಿತು, ಅದರ ಜೊತೆ ಬಂಡೆಗುಡ್ಡಗಳೆಲ್ಲ ಒಂದು ಸುತ್ತು ತಿರುಗಿದವು. ಆಮೇಲೆ ಯಾರನ್ನೂ ನೋಡದೆ, “ಹಡಗಿಗೆ ಹೋಗೂಣು,” ಎಂದ.

“ಎಲ್ಲಿಗೆ?”

“ಹಡಗಿನ್ಯಾಗ. ಸಮುದ್ರದ ಮ್ಯಾಲ. ಉಡಿಕಿಗೆ ಹಂದರ ಹಾಕಬಾರದು ಅಂತ ಹೇಳ್ಯಾರ, ಬಾಜಾ ಬಾರಸಬಾರದು ಅಂತ ಹೇಳ್ಯಾರ. ಹಡಗ ಹತ್ತಬಾರದು ಅಂತ ಯಾರೂ ಹೇಳಿಲ್ಲ.” ಇನ್ನೊಂದು ಸುತ್ತು ತಿರುಗಿದ ಮೇಲೆ ಮೆಲ್ಲಗೆ ಸೇರಿಸಿದ: “ಮತ್ತ ನನಗೂ ಒಮ್ಮಿ, ಬ್ಯಾರೇದಾವ್ರು ನಡಸೂ ನಾವಿನ್ಯಾಗ ಕೈ ಕಟಗೊಂಡು ಕುಂದರಬೇಕಾಗೇತಿ.”

ಅವನು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಪೇಟೆಯ ಓದಿದವರು ಇಂಥ ಪ್ರವಾಸಕ್ಕೆ ಮಧುಚಂದ್ರ ಎನ್ನುತ್ತಾರಂತೆ. ಆ ಮಾತು ಆಗಿನ್ನೂ ನಮ್ಮ ದಂಡೆಗೆ ದಾಟಿ ಬಂದಿರಲಿಲ್ಲ. ಬಂದಿದ್ದರೆ ಓಬಳೆಪ್ಪನೇ ದಾಟಿಸಬೇಕಿತ್ತು.

ನಮ್ಮ ಕಡೆ ಹಡಗು ಕಂಡವರು ಒಬ್ಬರೇ, ಹಜ್‌ಗೆ ಹೋಗಿಬಂದ ಇಬ್ರಾಹಿಂಸಾಬರು. ಅವರ ಅತ್ತರಿನ ಅಂಗಡಿಯ ಕಟ್ಟೆಯ ಮೇಲೆ ಓಬಳೆಪ್ಪನ ಹಂಚಿಕೆ ದಿನವೂ ಒಂದಿಷ್ಟು ಬೆಳೆಯುತ್ತಿತ್ತು. ನಾನೂ ಬಿಡುವಾದಾಗ ಹೋಗಿ ಕೂಡುತ್ತಿದ್ದೆ, ಬಿಡುವು ಆಗಾಗ ತಾನೇ ಆಗುತ್ತಿತ್ತು.

“ಅಷ್ಟು ಮಂದಿನ್ನ ಸಮಾ ತೂಗಿ ಕುಂದರಸಾಂವ ಯಾರ್ರಿ ಹಾಜೀಸಾಬ್ರ?”

“ಯಾರೂ ಕುಂದರಸೂದಿಲ್ಲಪಾ. ಜಾಗಾ ಸಿಕ್ಕಲ್ಲಿ ಚಾಪಿ ಹಾಸ್ಕೊಂಡು ಬೀಳ್ತಾರ.”

“ಹಂಗಾರ ವಾಲೂದಿಲ್ಲೇನು?”

“ವಾಲತೈತಿ. ನಮ್ಮ ಹೊಟ್ಟಿ ಅದರಕಿಂತಾ ಜಾಸ್ತಿ ವಾಲತೈತಿ. ಲಿಂಬಿಹಣ್ಣ ಮರೀಬ್ಯಾಡ.”

ಇಬ್ರಾಹಿಂಸಾಬರು ಹಡಗಿನಲ್ಲಿದ್ದಷ್ಟು ದಿನ ಏನನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡವರಲ್ಲ. ಆದರೂ ಸಂಜೆ ಸಮುದ್ರ ಹೇಗೆ ಕಾಣುತ್ತದೆ ಎಂದು ಕೇಳಿದರೆ ಅವರ ದನಿ ಬದಲಾಗುತ್ತಿತ್ತು. ನೀಲಿ ರೇಷ್ಮೆ ಬಟ್ಟೆಯ ಥಾನನ್ನು ಬಿಚ್ಚಿ ಯಾರೋ ಮಡಿಸುತ್ತ ಇದ್ದಾರೆ, ಮಡಿಕೆ ಮುಗಿಯುವುದೇ ಇಲ್ಲ ಎನ್ನುತ್ತಿದ್ದರು. ಕೇಳುತ್ತ ಕೇಳುತ್ತ ಓಬಳೆಪ್ಪನ ಕಣ್ಣು ಹೊಳೆಯ ಕಡೆ ತೇಲಿಹೋಗುತ್ತಿತ್ತು. ತನ್ನ ಹೊಳೆ ಆ ಹಡಗಿನ ಹತ್ತಿರವೇ ಹೋಗಿ ಸೇರುತ್ತದೆಂದು ಅವನು ತಿಳಿದಿದ್ದ. ಹುಟ್ಟಿದಾಗಿನಿಂದ ನೋಡಿದ ನೀರನ್ನು ಅಲ್ಲಿ ಗುರುತು ಹಿಡಿಯಬಹುದು ಎಂಬ ಆಸೆ.

“ನಿನ್ನ ಹೊಳಿ ಮೂಡಲಕ್ಕ ಹೋಕ್ಕೈತಿ. ಹಡಗ ಇರೂದು ಪಡುವಲಕ್ಕ, ಮರ್ಮಗೋವಾದಾಗ, ಪರಂಗೇರ ಬಂದರದಾಗ,” ಎಂದು ನಾನು ಭೂಗೋಳ ಹೇಳಿದೆ.

ಅವನು, “ಇರಲಿ ತಗೋರಿ. ಒಳಗ ಎಲ್ಲಾ ನೀರು ಒಂದಾ ಇರತಾವು,” ಎಂದ. ಆ ಮಾತಿನ ಮುಂದೆ ನನ್ನ ಭೂಗೋಳ ಮಾರಾಟವಾಗಲಿಲ್ಲ.

ಹಂಚಿಕೆಗೆ ಒಂದು ತೊಡಕಿತ್ತು. ಹೊಳೆಗೆ ಮಹಾಪೂರ ಬಂದಾಗ ಹರಿಗೋಲು ಮಗುಚಿ ಹಾಕಿ ಓಬಳೆಪ್ಪ ಕೈ ಕಟ್ಟಿ ಕೂಡುತ್ತಾನೆ. ಆದರೆ ಮಳೆಗಾಲದಲ್ಲಿ ಬೊಂಬಾಯಿಯ ಹಡಗೂ ನಿಲ್ಲುತ್ತದೆ. ಹಡಗು ಹೊರಡುವ ಕಾಲಕ್ಕೆ ಹೊಳೆಯೂ ಇಳಿದು ಅವನಿಗೆ ಕೆಲಸ ಹಿಡಿಯುತ್ತದೆ. ಕೊನೆಗೆ ದೀಪಾವಳಿ ಕಳೆದ ಮೇಲೆ ಒಂದು ವಾರ ಅವನ ತಮ್ಮ ಹುಸೇನಪ್ಪ ಹುಟ್ಟು ಹಿಡಿಯುವುದೆಂದಾಯಿತು. ಹೊಳೆ ದಾಟಿ ಹೊಸಪೇಟೆ, ಅಲ್ಲಿಂದ ರೈಲಿನಲ್ಲಿ ಮರ್ಮಗೋವಾ, ಹಡಗಿನಲ್ಲಿ ಬೊಂಬಾಯಿ, ರಾಯಚೂರ ಮೇಲೆ ವಾಪಸು. ನಾನು ಕಾಗದದ ಮೇಲೆ ಬರೆದುಕೊಡುತ್ತೇನೆಂದರೆ ಬೇಡ ಎಂದ. ಹೊಳೆ ದಾಟುವವನಿಗೆ ಆಚೆ ದಂಡೆ ಕಣ್ಣಿನಲ್ಲೇ ಇರುತ್ತದೆ ಎಂಬುದು ಅವನ ಭಾವ.

ಸುದ್ದಿ ನಮ್ಮ ಸೋದರತ್ತೆ ಅನ್ನಮ್ಮನ ಕಿವಿಗೆ ಬಿತ್ತು. ಊರಿನಲ್ಲಿ ಯಾವ ಕಾರ್ಯಕ್ಕೆ ಯಾರು ಎಲ್ಲಿ ನಿಲ್ಲಬೇಕು, ಯಾರು ನಿಲ್ಲಬಾರದು ಎಂಬುದೆಲ್ಲ ಅವಳ ಅಧೀನದಲ್ಲಿತ್ತು. ಮೊದಲು ಅವಳು ನಕ್ಕಳು. ಆಮೇಲೆ ಚಿಂತೆಗೆ ಬಿದ್ದಳು. ನಮ್ಮಲ್ಲಿ ಹೊಸದಾಗಿ ಮದುವೆಯಾದವರು ಹೊಳೆ ದಾಟುವ ಮುಂಚೆ ಗಂಗೆಗೆ ಉಡಿ ತುಂಬಬೇಕು. ಹೊಳೆಗೇ ಹೀಗಾದರೆ ಸಮುದ್ರಕ್ಕೆ? ತುಂಬದೆ ಕಳಿಸಿ ಹಡಗಿಗೇನಾದರೂ ಆದರೆ ಊರಿನ ಮೇಲೆ ಮಾತು ಬರುತ್ತದೆ. ತುಂಬೋಣವೆಂದರೆ ಉಡಿಕಿಯವಳ ಕೈಯಿಂದ ಹೇಗೆ?

ಹೊಳಿಯಮ್ಮನಿಗೆ ನಮ್ಮ ಮನೆಗೆ ಕರೆ ಬಂತು. ನನ್ನ ಹೆಂಡತಿ ಶೇಖರಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಪಡಸಾಲೆಯಲ್ಲಿ ಬಾಳೆಲೆ ಎಣಿಸುವ ನೆಪದಲ್ಲಿ ಕೂತೆ.

“ಏ ಹುಡುಗಿ, ನಿನಗ ಉಡಿ ತುಂಬಾಕ ಬರೂದಿಲ್ಲ, ಗೊತ್ತೈತಿಲ್ಲ?”

“ಗೊತ್ತೈತ್ರಿ ಅಮ್ಮಾರ. ನನಗ ತುಂಬಬ್ಯಾಡ್ರಿ. ಸಮುದ್ರದ ಗಂಗವ್ವಗ ತುಂಬ್ರಿ. ನಾ ಬರೇ ಒಯ್ದು ಮುಟ್ಟಸ್ತೀನಿ.”

ಅನ್ನಮ್ಮ ಈ ಮಾತನ್ನು ತಿರುವಿ ನೋಡಿದಳು. ಎಲ್ಲಿಯೂ ಹುಳುಕು ಕಾಣಲಿಲ್ಲ. “ಹಂಗಾದ್ರ ಅಡ್ಡಿಯಿಲ್ಲ. ಬುಟ್ಟ್ಯಾಗ ಕಟ್ಟಿ ಕೊಡತೀನಿ, ತಲಿಮ್ಯಾಲ ಹೊತಗೊಂಡು ಹೋಗು.”

“ಗಂಗವ್ವನ ಉಡಿ ತಲಿಮ್ಯಾಲ ಹೊರತಾರೇನ್ರಿ?” ಎಂದಳು ಹೊಳಿಯಮ್ಮ. ದನಿ ತಗ್ಗಿಸಿಯೇ ಇದ್ದಳು. “ಬುಟ್ಟ್ಯಾಗ ಒಯ್ದ್ರ ಅದು ಬಾಜಾರ ಆತ್ರಿ. ಉಡಿ ಉಡ್ಯಾಗ ಹೋಗಬೇಕು.”

ಅನ್ನಮ್ಮ ಬುಟ್ಟಿಯ ಮಾತು ಬಿಟ್ಟಳು. ನಾನು ಎಣಿಸಿದ ಎಲೆಗಳ ಲೆಕ್ಕ ತಪ್ಪಿತು. ಕೊಪ್ಪಳದ ಹತ್ತಿ ದಲಾಲರ ಜೊತೆ ಕೂತು ಎದ್ದವನು ನಾನು. ಇಷ್ಟು ಕಡಿಮೆ ಮಾತಿನಲ್ಲಿ ಕುದುರಿದ ವ್ಯಾಪಾರ ನೋಡಿರಲಿಲ್ಲ. ಶೇಖರಮ್ಮ ಬಾಗಿಲಲ್ಲೇ ನಿಂತು, “ಖರೇ ಐತಿ ನೋಡ್ರಿ ಅತ್ತಿ,” ಎಂದಳು, ಅಷ್ಟೇ.

ಮುಂದೆ ಆದದ್ದು ಯಾರ ಹಂಚಿಕೆಯೂ ಅಲ್ಲ. ಆನೆಗೊಂದಿಯಿಂದ ಸಮುದ್ರಕ್ಕೆ ಅದುವರೆಗೆ ಯಾರೂ ಏನನ್ನೂ ಕಳಿಸಿರಲಿಲ್ಲ. ಹೊಳೆಗೆ ಕೊಟ್ಟರೆ ಹೊಳೆ ಒಯ್ಯುತ್ತದೆ, ಮುಟ್ಟಿತೋ ಇಲ್ಲವೋ ಕೇಳುವವರಾರು? ಇದು ಕೈಯಿಂದ ಕೈಗೆ ಹೋಗುವ ಕಾಣಿಕೆ. ನನ್ನದೂ ಒಂದು ಹಿಡಿ ಇರಲಿ ಎಂದು ಪ್ರತಿ ಮನೆಯವರಿಗೂ ಅನ್ನಿಸಿತು.

ಹೊರಡುವ ಬೆಳಿಗ್ಗೆ ಬಿಸಿಲು ಬಂಡೆಗಳ ಮೇಲೆ ಚೆನ್ನಾಗಿ ಹರಡಿತ್ತು. ಉಡಿಕಿ ಆಗಿ ಮೂರು ದಿನವಾಗಿತ್ತು. ಅದು ಪದ್ಧತಿಯಂತೆ ಕತ್ತಲಲ್ಲೇ ಮುಗಿದಿತ್ತು, ಹೊಳಿಯಮ್ಮ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಸಿರು ಸೀರೆ ಉಟ್ಟು ಘಟ್ಟದ ಮೆಟ್ಟಿಲ ಮೇಲೆ ಸೆರಗೊಡ್ಡಿ ನಿಂತಳು. ಅನ್ನಮ್ಮ ಮೊದಲು ಅಕ್ಕಿ ಹಾಕಿದಳು, ತೆಂಗಿನಕಾಯಿ ಇಟ್ಟಳು. “ಇದು ನಿನಗಲ್ಲ, ಗಂಗವ್ವಗ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹಿಂದಿನವರು ಕುಪ್ಪಸದ ಖಣ, ಅರಿಸಿನಕೊಂಬು, ಎಲೆಯಡಿಕೆ, ಹಸಿರು ಬಳೆ, ಬಾಳೆಹಣ್ಣು ಇಡುತ್ತ, “ಗಂಗವ್ವಗ, ಗಂಗವ್ವಗ,” ಎನ್ನುತ್ತ ಬಂದರು. ಉಡಿ ತುಂಬುವ ಕೈಗೆ ಹಾಡು ಅಂಟಿಕೊಂಡೇ ಇರುತ್ತದೆ. ಅನ್ನಮ್ಮನಿಗೇ ತಿಳಿಯದಂತೆ ಅವಳ ಗಂಟಲಿನಿಂದ ಮದುವೆಯ ಸೋಬಾನೆ ಹೊರಟಿತು. ಅರ್ಧ ಸಾಲಿಗೆ ಎಚ್ಚರಾಗಿ ನಿಲ್ಲಿಸಿದಳು. ಅಷ್ಟರಲ್ಲಿ ಉಳಿದವರು ಎತ್ತಿಕೊಂಡಾಗಿತ್ತು. ನಡುವೆ ತಡೆದರೆ ಅಪಶಕುನ. ಅವಳೂ ಮುಂದಿನ ಸಾಲಿಗೆ ದನಿ ಸೇರಿಸಿದಳು.

ಹೊಳಿಯಮ್ಮ ಕಣ್ಣು ಮಿಟುಕಿಸಲಿಲ್ಲ. ಒಂದು ಮುಖವನ್ನೂ ಬಿಡದೆ ನೋಡುತ್ತಿದ್ದಳು.

ಹರಿಗೋಲಿಗೆ ಅವರ ಜೊತೆ ನಾನೂ ಇಬ್ರಾಹಿಂಸಾಬರೂ ಹತ್ತಿದೆವು. ಹುಟ್ಟು ಹುಸೇನಪ್ಪನ ಕೈಯಲ್ಲಿತ್ತು. ಓಬಳೆಪ್ಪ ಹೇಳಿಕೊಂಡಂತೆ ಕೈ ಕಟ್ಟಿ ಕೂತ. ಎರಡು ಮಾರು ಹೋಗುವುದರೊಳಗೆ ಕಟ್ಟಿದ ಕೈ ತಾನೇ ಬಿಚ್ಚಿಕೊಂಡು ಗಾಳಿಯಲ್ಲಿ ಹುಟ್ಟು ಹಾಕತೊಡಗಿತು.

“ಅಣ್ಣಾ, ಸುಮ್ನ ಕುಂದ್ರು. ನೀ ಗಾಳ್ಯಾಗ ಹಾಕಿದ್ರೂ ಹರಿಗೋಲು ತಿರಗತೈತಿ,” ಎಂದ ಹುಸೇನಪ್ಪ.

“ಉಡಿ ಭಾರ ಆಗೇತಿ. ಸಾವ್ಕಾರ್ರ, ನೀವು ಹಾಜೀಸಾಬ್ರ ಕಡಿ ಸರೀರಿ,” ಎಂದ ಓಬಳೆಪ್ಪ.

ನಾವಿಬ್ಬರೂ ಸರಿದು ಕೂತೆವು. ಇಬ್ಬರು ಗಂಡಸರು ಒಂದು ಕಡೆ, ತುಂಬಿದ ಉಡಿಯ ಹೊಳಿಯಮ್ಮ ಒಂದು ಕಡೆ. ಹರಿಗೋಲು ಸಮ ನಿಂತಿತು. ಹರಿಗೋಲು ತಿರುಗಿದಂತೆ ಹಾಡು ಒಮ್ಮೆ ಎದುರಿನಿಂದ, ಒಮ್ಮೆ ಬೆನ್ನಿನಿಂದ ಕೇಳಿಸುತ್ತಿತ್ತು. ನೀರಿನಲ್ಲಿ ಬಿಸಿಲು ಚೂರುಚೂರಾಗಿ ಬಿದ್ದಿತ್ತು. ನನಗೆ ಹೊಸಪೇಟೆಯಲ್ಲಿ ಅರ್ಜೆಂಟು ಕೆಲಸವಿದ್ದದ್ದು ಆಚೆ ದಂಡೆ ಮುಟ್ಟಿದ ಮೇಲೆ ನೆನಪಾಯಿತು.

ಹಡಗಿನ ವಿಷಯ ಓಬಳೆಪ್ಪ ಆಮೇಲೆ ಹೇಳಿದ್ದಿಷ್ಟೆ. ಹೊಟ್ಟೆ ತೊಳಸಲಿಲ್ಲ, ಲಿಂಬಿಹಣ್ಣು ಹಾಗೇ ವಾಪಸು ಬಂದವು. ಇಳಿಹೊತ್ತಿಗೆ ದಂಡೆ ಎಂಬುದೇ ಇಲ್ಲವಾಯಿತು, ಅವನಿಗೆ ಮೊದಲು ಹೆದರಿಕೆಯಾಗಿ ಆಮೇಲೆ ನಿದ್ದೆ ಬಂದಂತಾಯಿತು. ಯಾರೂ ಯಾರನ್ನೂ ತೂಗಿರಲಿಲ್ಲ, ಆದರೂ ಹಡಗು ನಡೆಯಿತು. ಕೈ ಬೊಂಬಾಯಿಯವರೆಗೂ ಸುಮ್ಮನೆ ತೊಡೆಯ ಮೇಲೆ ಬಿದ್ದಿತ್ತು. ಹೊಳಿಯಮ್ಮ ಹಡಗಿನ ಅಂಚಿನ ಕಟಾಂಜನ ಹಿಡಿದು ನಿಂತು, ಒಬ್ಬೊಬ್ಬರ ಹೆಸರು ಹೇಳಿ ಅವರವರ ಕಾಣಿಕೆಯನ್ನು ನೀರಿಗೆ ಬಿಟ್ಟಳು. ಯಾವ ಹಿಡಿ ಯಾರದೆಂದು ಅವಳಿಗೆ ನೆನಪಿತ್ತು.

ಬಂದವಳ ಕೈಯಲ್ಲಿ ಆ ಹಸಿರು ಬಳೆಗಳಿದ್ದವು. ಘಟ್ಟದ ಮೇಲೆ ಅನ್ನಮ್ಮ ಹಿಡಿದು ನಿಲ್ಲಿಸಿದಳು.

“ಇವು ಗಂಗವ್ವನ್ವು ಅಲ್ಲೇನು?”

“ಹೌದ್ರಿ. ದೇವರಿಗೆ ಉಡಿ ತುಂಬಿದ್ರ ಒಂದಿಷ್ಟು ತಿರುಗಿ ಕೊಡತಾರಲ್ರಿ. ಆಕಿ ಕೊಟ್ಟಾಳ.”

ಅನ್ನಮ್ಮ ಬಳೆಗಳನ್ನು ಒಂದು ಸುತ್ತು ತಿರುಗಿಸಿ ನೋಡಿದಳು. “ಅಳತಿಗೆ ಬರೋಬ್ಬರಿ ಆಗ್ಯಾವು,” ಎಂದು ಕೈ ಬಿಟ್ಟಳು.

ಅಂದು ಊಟಕ್ಕೆ ಕೂತಾಗ ಶೇಖರಮ್ಮ ರೊಟ್ಟಿ ಬಡಿಸುತ್ತ, “ಸಮುದ್ರ ಭಾಳ ದೂರ ಇರಲಿಕ್ಕಿಲ್ಲ, ಅಂಬಿಗ್ರು ಹೋಗಿ ಬರತಾರಂದ್ರ,” ಎಂದಳು. ನಮ್ಮ ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅಷ್ಟು ದಿನಗಳಲ್ಲಿ ನಾನು ಅವಳನ್ನು ತವರಿಗೆ ಕಳಿಸಿದ್ದೆ, ತವರಿನಿಂದ ಕರೆಸಿದ್ದೆ, ಜೊತೆಗೆ ಹೋದದ್ದಿಲ್ಲ. ಮುಂದಿನ ದೀಪಾವಳಿಗೆ ಯುದ್ಧ ಶುರುವಾಗಿತ್ತು, ಹಡಗಿನ ಭರವಸೆ ಇರಲಿಲ್ಲ. ರೈಲು ಮಾತ್ರ ಬಂದರದವರೆಗೆ ಹೋಗುತ್ತಿತ್ತು, ಅದರಲ್ಲೇ ನಾವಿಬ್ಬರೂ ಹೊರಟೆವು. ಹೊಳಿಯಮ್ಮ ಬಂದು ಶೇಖರಮ್ಮನ ಉಡಿಯಲ್ಲಿ ಏನೇನು ಹೇಗಿಟ್ಟುಕೊಳ್ಳಬೇಕೆಂದು ತೋರಿಸಿ ಹೋದಳು. ಓಬಳೆಪ್ಪ ನಮ್ಮಿಬ್ಬರನ್ನು ದಾಟಿಸುವಾಗ ಎದುರುಬದುರು ಕೂಡಿಸಲಿಲ್ಲ. ಪಕ್ಕಪಕ್ಕ ಕೂಡಿಸಿ, ಆಚೆ ಬದಿಗೆ ಬಾಳೆಗೊನೆ ಹೇರಿದ.

ಮರ್ಮಗೋವಾದ ಮರಳ ಮೇಲೆ ಒಂದು ಸಂಜೆ ನಾನು ಯಾವ ಕೆಲಸವೂ ಇಲ್ಲದೆ ನನ್ನ ಹೆಂಡತಿಯ ಪಕ್ಕದಲ್ಲಿ ಕೂತೆ. ಅವಳು ನೀರಿನ ಮಡಿಕೆಗಳನ್ನು ನೋಡುತ್ತ ತನ್ನ ಬಾಲ್ಯದ ಮಾತು ಹೇಳಿದಳು. ಅದುವರೆಗೆ ನಾನು ಕೇಳಿರದ ಮಾತು.

ಈಗ ಹೊಳೆಗೆ ಮೇಲುಗಡೆ ಆಣೆಕಟ್ಟು ಕಟ್ಟುತ್ತಿದ್ದಾರೆ. ಓಬಳೆಪ್ಪ ಇನ್ನೂ ಹರಿಗೋಲು ನಡೆಸುತ್ತಾನೆ. ಶೇಖರಮ್ಮ ತೀರಿಹೋಗಿ ಎರಡು ವರ್ಷವಾಯಿತು. ನನಗೆ ಆ ಒಂದು ಸಂಜೆ ಸಿಕ್ಕಿದ್ದು ಓಬಳೆಪ್ಪ ಮತ್ತು ಹೊಳಿಯಮ್ಮನಿಂದ. ಅದರ ಬೆಲೆ ನಾನು ಅವರಿಗೆ ಕೊಡಬೇಕು, ಇನ್ನೂ ಕೊಟ್ಟಿಲ್ಲ.