ತೊಟ್ಟ ಅಂಗಿಗೆ ಸೂಜಿ

‘ಬ್ಯಾಡ ಬ್ಯಾಡ, ಮೈಮೇಲೆ ಇರೋವಾಗ ಹೊಲೀಬ್ಯಾಡ!’ ಹೊಲಿಗೆ ಅಂಗಡಿಯ ಜೈತುನಬಿ ಕೂಗಿದ್ದು ಮಗಳ ಮೊಬೈಲಿನೊಳಗಿದ್ದ ಜಪಾನಿ ಹುಡುಗಿಗೆ.

ಯಲ್ಲಾಪುರದ ಆ ಅಂಗಡಿಗೆ ನಾನು ಅಂಗಿಯ ಗುಂಡಿ ಹಾಕಿಸಲು ಹೋಗಿದ್ದೆ. ಶಿರಸಿ ಬಸ್ಸಿಗೆ ಹೊತ್ತಾಗಿತ್ತು. ತೊಟ್ಟ ಹಾಗೆಯೇ ಹೊಲಿದುಬಿಡಿ ಎಂದರೆ, ಅಪಶಕುನವೆಂದು ಅವರು ಸೂಜಿಯನ್ನೇ ಮುಟ್ಟಲಿಲ್ಲ. ನಾನು ನಕ್ಕಿದ್ದೆ.

ಮೊಬೈಲಿನಲ್ಲಿದ್ದದ್ದು ಸಮುರಾಯಿ ಯೋಧರ ಅನಿಮೇಷನ್ ಚಿತ್ರ. ಕಾಳಗಕ್ಕೆ ಹೊರಟವನ ಹರಿದ ತೋಳನ್ನು ಪ್ರೇಯಸಿ ಅವನ ಮೈಮೇಲೇ ಹೊಲಿಯುತ್ತಿದ್ದಳು. ಸೂಜಿಮೊನೆಯ ಮಿಂಚು, ದಾರ ಕಚ್ಚುವಾಗ ಅವನ ಭುಜಕ್ಕೆ ತಾಗಿದ ಅವಳ ಉಸಿರಿನ ಹಬೆ, ಎಲ್ಲವನ್ನೂ ಯಾರೋ ಕೂತು ಬಿಡಿಸಿದ್ದರು. ಮುಂದಿನ ದೃಶ್ಯದಲ್ಲಿ ಅವನು ಹಿಮದಲ್ಲಿ ಸತ್ತುಬಿದ್ದಿದ್ದ. ತೋಳಿನ ಹೊಲಿಗೆ ಬಿಚ್ಚಿರಲಿಲ್ಲ.

‘ಆ ದೇಶದಾಗೂ ಗೊತ್ತದೆ ನೋಡ್ರಿ’ ಎನ್ನುತ್ತ ಜೈತುನಬಿ ಸೂಜಿಗೆ ದಾರ ಪೋಣಿಸಿದರು. ‘ನಮ್ಮನೆಯವ್ರಿಗೂ ಅವತ್ತು ಲಾರಿ ಹೊರಡ್ಸೋ ಅರ್ಜೆಂಟು. ಮೈಮೇಲೇ ಗುಂಡಿ ಹೊಲ್ದು ಕಳ್ಸಿದೆ. ಅದೇ ಕಡೇದು.’

ನಾನು ಅಂಗಿ ಬಿಚ್ಚಿಕೊಟ್ಟು ಬನಿಯನ್ನಿನಲ್ಲೇ ಬೆಂಚಿನ ಮೇಲೆ ಕುಳಿತೆ. ಶಿರಸಿ ಬಸ್ಸು ಅಂಗಡಿಯೆದುರೇ ಹಾದುಹೋಯಿತು. ಶಕುನವನ್ನು ಈಗಲೂ ನಂಬುವುದಿಲ್ಲ. ತೊಟ್ಟ ಅಂಗಿಗೆ ಸೂಜಿ ತಾಗಿಸಿ ಎಂದು ಮಾತ್ರ ಮತ್ತೆ ಯಾರಿಗೂ ಹೇಳಿಲ್ಲ.