ಅತ್ತೆಯ ಬಿಸಿಲು

ಹಂಪಿಯಲ್ಲಿ ಒಂದು ಕಲ್ಲು ಕದಲಿಸಿದರೆ ಕೇಸು. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಕಂಪ್ಲಿಯಲ್ಲಿ, ನಮ್ಮ ಹಳೆಯ ಮಾಳಿಗೆ ಮನೆಯ ಕಲ್ಲು ಕದಲಿಸದಿದ್ದರೆ ನೆಂಟರ ಮೂದಲಿಕೆ. ಅಣ್ಣ ಎರಡನೆಯದಕ್ಕೆ ಹೆದರಿದ. ಮಣ್ಣಿನ ಚಾವಣಿಯಾದ ಮಾಳಿಗೆ ಇಳಿಸಿ, ಮನೆಯನ್ನು ಮೂರು ಅಡಿ ಎತ್ತರಿಸಿ ಸ್ಲ್ಯಾಬ್ ಹಾಕುವುದೆಂದೂ, ನೆಲದ ಬಂಡೆ ಕಿತ್ತು ಟೈಲ್ಸ್ ಹಾಸುವುದೆಂದೂ ತೀರ್ಮಾನವಾಯಿತು. ಹಳೆಯ ಕಟ್ಟಡಗಳ ಸೌಂದರ್ಯ ಕುರಿತು ನಾನು ಮನೆಯವರಿಗೆ ಸವಿಸ್ತಾರವಾಗಿ ಉಪನ್ಯಾಸ ಕೊಟ್ಟೆ. ಎಲ್ಲರೂ ಚಹಾ ಕುಡಿಯುತ್ತ ಕೇಳಿದರು. ಚಹಾ ಮುಗಿದ ಮೇಲೆ ಎದ್ದುಹೋದರು.

ತಕರಾರು ಎತ್ತಿದವರು ತಂದೆಯ ಅಕ್ಕ, ನಮ್ಮ ಅತ್ತೆ, ಒಬ್ಬರೇ. ಅವರಿಗೆ ಕಣ್ಣು ಪೂರ್ತಿ ಹೋಗಿ ಬಹಳ ವರ್ಷವಾಗಿತ್ತು. ಪಡಸಾಲೆಯ ಮಾಳಿಗೆಯಲ್ಲಿ ಅಂಗೈಯಗಲದ ಬೆಳಕಿಂಡಿಯಿತ್ತು. ಅದರಿಂದ ಬಿದ್ದ ಬಿಸಿಲು ಹಗಲಿಡೀ ನೆಲದ ಮೇಲೆ ತೆವಳುತ್ತಿತ್ತು. ಅತ್ತೆ ಕುಳಿತಲ್ಲೇ ಅಂಗೈ ಸರಿಸಿ ಅದರ ಕಾವು ಹುಡುಕುವರು. ಬಂಡೆಗಳ ಯಾವ ಸಂದಿನ ಹತ್ತಿರವಿದೆಯೆಂದು ಬೆರಳಿಂದ ತಡವಿ ಹೊತ್ತು ಹೇಳುವರು. ಎಷ್ಟು ಗಂಟೆಯೆಂದು ಯಾರನ್ನೂ ಕೇಳದಿರುವುದೇ ಅವರ ದೊಡ್ಡಸ್ತಿಕೆ.

"ನಿಮ್ಮ ಸ್ಲ್ಯಾಬ್ ಹಾಕ್ಕಳ್ರಿ. ನನ್ನ ಬಿಸಲು ಮಾತ್ರ ಮುಟ್ಟಬ್ಯಾಡ್ರಿ" ಎಂದರು.

"ಮಾತಾಡೋ ಗಡಿಯಾರ ತಂದು ಕೊಡ್ತೀನಿ ಬಿಡು ಅತ್ತಿ" ಎಂದ ಅಣ್ಣ.

"ತಗಂಬಾ. ಅದರ ಕೂಡ ನೀನ ಮಾತಾಡ್ಕೊಂಡು ಕುಂದ್ರು."

ಬಿಸಿಲನ್ನು ಕಾಪಾಡುವ ಗುರುತರ ಹೊಣೆ ನನ್ನ ಪಾಲಿಗೆ ಬಂತು. ಮಾಳಿಗೆ ಇಳಿಸುವ ಮೊದಲೇ ಬೆಳಕಿಂಡಿಯಿಂದ ತೂಗುಗುಂಡು ಇಳಿಬಿಟ್ಟು, ಎರಡೂ ಗೋಡೆಗಳಿಂದ ಅಳತೆ ಹಿಡಿದು ಬರೆದಿಟ್ಟುಕೊಂಡೆ. ಮನೆ ಕಟ್ಟುತ್ತಿದ್ದ ಗೌಂಡಿ ಅದೇ ಅಳತೆಗೆ ಸ್ಲ್ಯಾಬಿನಲ್ಲಿ ಕಿಂಡಿ ಬಿಟ್ಟು ಗಾಜು ಕೂರಿಸಿದ. ಒಂದು ಅಂಗುಲವೂ ತಪ್ಪಲಿಲ್ಲ. ಜೀರ್ಣೋದ್ಧಾರ ಮುಗಿಸಿದ ಅರಸನ ಗಾಂಭೀರ್ಯದಿಂದ ನಾನು ಎರಡು ದಿನ ಓಡಾಡಿದೆ.

ಮೂರನೆಯ ದಿನ ಅತ್ತೆ, ಟೈಲ್ಸಿನ ಸಂದು ಬೆರಳಿಗೆ ಸಿಗದ ಕಾರಣ ಹಳೆಯ ನೆನಪಿನ ಲೆಕ್ಕಕ್ಕೆ ಗೋಡೆಯಿಂದ ಗೇಣು ಹಾಕಿ ಬಿಸಿಲು ಹುಡುಕಿ, "ನಾಕಾತು, ಚಾ ತರ್ರಿ" ಎಂದರು.

"ಇನ್ನಾ ಮೂರೂವರಿನೂ ಆಗಿಲ್ರಿ ಅತ್ತಿ" ಎಂದಳು ಅಣ್ಣನ ಹೆಂಡತಿ ಒಳಗಿನಿಂದ.

ಅತ್ತೆ ಗೋಡೆಯಿಂದ ಮತ್ತೊಮ್ಮೆ ಗೇಣು ಹಾಕಿದರು. ಕಿಂಡಿ ಮೇಲೇರಿದಷ್ಟೂ ಬಿಸಿಲು ನೆಲದ ಮೇಲೆ ಜೋರಾಗಿ ಓಡುತ್ತದೆ, ನಾಲ್ಕರ ಜಾಗಕ್ಕೆ ಮೂರೂವರೆಗೆ ಮೊದಲೇ ಬಂದುಬಿಡುತ್ತದೆ ಎಂಬುದು ನನ್ನ ಉಪನ್ಯಾಸದಲ್ಲಿ ಇರಲಿಲ್ಲ. ಮನೆ ಎತ್ತರವಾಯಿತು, ಅತ್ತೆಯ ಹಗಲು ಗಿಡ್ಡವಾಯಿತು. ಆಮೇಲೆ ಒಂದು ವಾರ ಅವರು ಹೋಗಿಬರುವವರನ್ನೆಲ್ಲ ಗಂಟೆ ಕೇಳಿದರು, ಸಣ್ಣ ದನಿಯಲ್ಲಿ. ಆ ದನಿ ನಾವು ಯಾರೂ ಅದುವರೆಗೆ ಕೇಳಿರಲಿಲ್ಲ.

ವಾರ ಕಳೆದ ಮೇಲೆ, ಹಿತ್ತಲ ಗೋಡೆ ಮುಗಿಸುತ್ತಿದ್ದ ಗೌಂಡಿಯನ್ನು ಕರೆದರು. "ತಾಸಿಗೊಮ್ಮೆ ಬಾ. ಬಿಸಲು ಎಲ್ಲಿರ್ತೈತಿ ಅಲ್ಲಿ ಉಳೀಲೆ ಒಂದೊಂದು ಕಚ್ಚು ಹೊಡಿ. ಬೆರಳಿಗೆ ಸಿಗಂಗ."

ಗೌಂಡಿ ಅಣ್ಣನ ಮುಖ ನೋಡಿದ. "ಏನ್ರೀ ಸಾವ್ಕಾರ್ರ, ಹೊಸಾ ಟೈಲ್ಸು."

ಗೀರು ಬೀಳಬಾರದೆಂದು ಆ ಟೈಲ್ಸಿನ ಮೇಲೆ ಜನ ಓಡಾಡುವ ಕಡೆ ಇನ್ನೂ ಗೋಣಿಚೀಲ ಹಾಸಿಟ್ಟಿದ್ದ ಅಣ್ಣ, ನೆಲದ ಮೇಲೆ ಅಲೆಯುತ್ತಿದ್ದ ಅತ್ತೆಯ ಅಂಗೈಯನ್ನು ಸ್ವಲ್ಪ ಹೊತ್ತು ನೋಡಿದ. ಗೋಣಿಚೀಲವನ್ನು ತಾನೇ ಎತ್ತಿ ಮಡಚಿದ.

"ಮೆಲ್ಲಕ ಹೊಡಿ" ಎಂದ.

ಸಂಜೆಯ ಹೊತ್ತಿಗೆ ಪಡಸಾಲೆಗೆ ಏಳು ಗಾಯ. ಅಣ್ಣ ಅವನ್ನು ಎಣಿಸಿ, "ಬಿಸಲು ತಿಂಗಳಿಗೊಂದು ಕಡೆ ಸರೀತೈತಿ. ಸಂಕ್ರಾಂತಿಗೆ ಏನ್ ಮಾಡ್ತಿ ಅತ್ತಿ?" ಎಂದ.

"ಗೌಂಡಿ ಊರಾಗ ಇರ್ತಾನಲ್ಲ" ಎಂದರು ಅತ್ತೆ.