ಹೊಸ ಬ್ರೇಕು, ಹಳೇ ಚಾಳಿ

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ನಡೆದದ್ದು. ಆಗ ನನಗೆ ಅರವತ್ತೊಂದು. ನಮ್ಮಪ್ಪ ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟು ದುಡಿದು ಕೊಂಡ ಕಾರು ಈಗ ಮಲ್ಲೇಶ್ವರದ ನಮ್ಮ ಮನೆಯಲ್ಲಿದೆ. ಸ್ಟೀರಿಂಗ್ ಪಕ್ಕದಲ್ಲೇ ಗೇರು ಇರುವ ಹಳೇ ಕಾಲದ್ದು. ಹತ್ತೊಂಬತ್ತನೇ ವಯಸ್ಸಿನಿಂದ ಅದನ್ನು ಓಡಿಸುತ್ತಿದ್ದೇನೆ. ಚೆನ್ನಾಗಿಯೇ ಓಡಿಸುತ್ತೇನೆ, ಅದರಲ್ಲಿ ಸಂಕೋಚವೇನು?

ಆದರೆ ಬ್ರೇಕು ಸೋತಿತ್ತು. ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಒಂದು ದಿನ ಆಟೋಗೆ ಗುದ್ದುವುದು ಕೂದಲೆಳೆಯ ಅಂತರದಲ್ಲಿ ತಪ್ಪಿತು. ನಮ್ಮ ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಹೊಸ ಬ್ರೇಕ್ ಹಾಕ್ಸು. ಆಮೇಲೆ ನಿಮ್ಮಕ್ಕನ್ನ ಕೂರಿಸ್ಕೊಂಡು ಒಂದು ರೌಂಡ್ ಹೋಗ್ಬಾ. ಅವರು ಸರಿ ಅಂದ್ರೆ ಇಟ್ಕೋ, ಇಲ್ಲಾಂದ್ರೆ ಮಾರ್ಬಿಡೋಣ." ನಮ್ಮ ಶಾರದಕ್ಕ ಬಸ್ಸಿನಲ್ಲೂ ಹೆದರಿ ಕಣ್ಣು ಮುಚ್ಚಿ ಕೂರುವವಳು. ಬೇಕೆಂದೇ ಅವಳನ್ನು ಆರಿಸಿದ್ದರು.

ಕಲಾಸಿಪಾಳ್ಯದ ಮೆಕ್ಯಾನಿಕ್ ಮುನಿರಾಜು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೂರಿಸಿದ. "ಮೇಡಂ, ಬೂಸ್ಟರ್ ಹಾಕಿದೀನಿ, ಸುಮ್ನೆ ಮುಟ್ಟಿದ್ರೆ ಸಾಕು. ಆದ್ರೆ ಇಂಜಿನ್ ಓಡ್ತಿದ್ರೇನೇ ಅದು ಕೆಲ್ಸ ಮಾಡೋದು" ಎಂದ.

"ಇಂಜಿನ್ ಓಡದೆ ಕಾರು ಹೋಗುತ್ತೇನಪ್ಪ?" ಎಂದು ನಕ್ಕುಬಿಟ್ಟೆ.

ಭಾನುವಾರ ಬೆಳಿಗ್ಗೆ ವೈಯಾಲಿಕಾವಲ್‌ನ ಅಕ್ಕನ ಮನೆಗೆ ಹೋಗಿ ಅವಳನ್ನು ಹತ್ತಿಸಿಕೊಂಡೆ. ಮೊದಲ ತಿರುವಿನಲ್ಲಿ ಬ್ರೇಕ್ ಮೇಲೆ ಕಾಲು ಇಟ್ಟೆನೋ ಇಲ್ಲವೋ, ಕಾರು ನಿಂತಿತು. ಬೀಗಿದೆ. ಆಮೇಲೆ ಇಳಿಜಾರು ಬಂತು. ನನ್ನ ಕೈ ತಾನಾಗಿ ಕೀ ತಿರುಗಿಸಿ ಇಂಜಿನ್ ಆಫ್ ಮಾಡಿತು. ಇಳಿಜಾರಿನಲ್ಲಿ ಪೆಟ್ರೋಲ್ ಯಾಕೆ ದಂಡ ಎಂದು ಅಪ್ಪ ಹೇಳಿಕೊಟ್ಟಿದ್ದ ಚಾಳಿ ಅದು. ನಲವತ್ತು ವರ್ಷ ಹಾಗೇ ಇಳಿಸಿದ್ದೆ.

ಹಂಪ್ ಹತ್ತಿರ ಒಮ್ಮೆ ಬ್ರೇಕ್ ಒತ್ತಿದೆ, ಹಿಡಿಯಿತು. ಇನ್ನೊಮ್ಮೆ ಒತ್ತಿದಾಗ ಅರೆಬರೆ ಹಿಡಿಯಿತು. ಅಷ್ಟರಲ್ಲಿ ಅಡ್ಡರಸ್ತೆಯಿಂದ ಸೊಪ್ಪಿನ ಗಾಡಿ ತಳ್ಳಿಕೊಂಡು ಒಬ್ಬರು ನೇರ ಕಾರಿನ ಮುಂದೆ ಬಂದರು. ಒತ್ತಿದೆ. ಪೆಡಲ್ ಕಲ್ಲಾಗಿತ್ತು; ಇಂಜಿನ್ ಜೊತೆ ಬೂಸ್ಟರೂ ಸತ್ತಿತ್ತು. ಎರಡೂ ಕಾಲು ಕೊಟ್ಟು ತುಳಿದು, ಹ್ಯಾಂಡ್‌ಬ್ರೇಕ್ ಜಗ್ಗಿದೆ. ಬಂಪರ್ ಗಾಡಿಯ ಚಕ್ರಕ್ಕೆ ತಾಗಿ ಕಾರು ನಿಂತಿತು. ಅವರ ಮೊಣಕಾಲಿಗೂ ನನ್ನ ಕಾರಿಗೂ ನಡುವೆ ಒಂದು ಗೇಣು ಜಾಗ.

"ಏನಮ್ಮಾ, ಬ್ರೇಕ್ ಇಲ್ವಾ?" ಎಂದರು. ಜೋರು ದನಿಯೇನಲ್ಲ, ತುಟಿ ಒಣಗಿತ್ತು.

"ಇದೆಯಪ್ಪ. ತಪ್ಪು ನಂದೇ" ಎಂದು ಇಳಿದು, ಬಿದ್ದಿದ್ದ ಕೊತ್ತಂಬರಿ ಕಟ್ಟುಗಳನ್ನು ಎತ್ತಿಕೊಟ್ಟೆ.

ವಾಪಸು ಬಂದು ಕೂತರೆ ಅಕ್ಕ ಆಗಷ್ಟೇ ಕಣ್ಣು ಬಿಟ್ಟಿದ್ದಳು. "ಪರವಾಗಿಲ್ಲ ಕಣೇ ಜಯಾ, ಅವನು ಹಂಗೆ ಅಡ್ಡ ಬಂದ್ರೂ ಎಷ್ಟು ಚೆನ್ನಾಗಿ ನಿಲ್ತು! ನಿಮ್ಮೆಜಮಾನ್ರಿಗೆ ನಾನೇ ಹೇಳ್ತೀನಿ" ಎಂದಳು.

ನಮ್ಮ ಮನೆಗೆ ಬಂದು ಹೇಳಿಯೂ ಹೇಳಿದಳು. ಯಜಮಾನರು "ಸರಿ ಬಿಡು, ಕಾರು ಇರ್ಲಿ" ಎಂದು ಪೇಪರ್ ಎತ್ತಿಕೊಂಡರು. ನಾನು ಗೆದ್ದಿದ್ದೆ. ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನುಷ್ಯನ ಮುಖ ಕಣ್ಣ ಮುಂದಿನಿಂದ ಸರಿಯಲೇ ಇಲ್ಲ. ಕಾಫಿ ಲೋಟ ಕೆಳಗಿಟ್ಟು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಇನ್ನು ಕಾರು ಹೋಯಿತು ಎಂದುಕೊಂಡೆ.

ಯಜಮಾನರು ಅಕ್ಕನ ಕಡೆ ನೋಡಿದರು. ಅಕ್ಕ, "ಕಾರು ಮಾರ್ಬೇಡಿ. ಒಂದು ತಿಂಗಳು ನಾನು ಪಕ್ಕದಲ್ಲಿ ಕೂರ್ತೀನಿ, ಕಣ್ಣು ಬಿಟ್ಕೊಂಡೇ. ಇಳಿಜಾರಲ್ಲಿ ಕೀ ಹತ್ರ ಕೈ ಹೋದ್ರೆ ಬಾರಿಸ್ತೀನಿ" ಎಂದಳು.

ಈಗಲೂ ಆ ಕಾರನ್ನು ನನ್ನಷ್ಟು ಚೆನ್ನಾಗಿ ಓಡಿಸುವವರಿಲ್ಲ ಎಂದೇ ನನ್ನ ನಂಬಿಕೆ. ಆದರೆ ಅವತ್ತು ಸೊಪ್ಪಿನವರು ಉಳಿದದ್ದು ನನ್ನ ಜಾಣತನದಿಂದಲ್ಲ. ಅಕ್ಕ ಮಾತಿಗೆ ತಪ್ಪಲಿಲ್ಲ. ಆ ತಿಂಗಳಲ್ಲಿ, ಅರವತ್ತೊಂದನೇ ವಯಸ್ಸಿನಲ್ಲಿ, ಮೂರು ಸಲ ಕೈಮೇಲೆ ಏಟು ತಿಂದೆ. ನಾಲ್ಕನೇ ಸಲ ಕೈ ಹೋಗಲಿಲ್ಲ.